ಮಂಚಕ್ಕೆ ಕೊಕ್ಕೆ ಹಾಕಿದ ಬೆಂಚು

ನಮ್ಮ ಅಳಿಯಂದಿರಿಗೆ ಕೋವಿಯ ಹುಚ್ಚು. ಬೇಟೆಯಲ್ಲ, ಗುರಿ ಹೊಡೆಯುವ ಆಟ. ವಾರವೆಲ್ಲ ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡಿನ ಔಷಧಿ ಫ್ಯಾಕ್ಟರಿಯಲ್ಲಿ ಮೆಷಿನ್ನು ನೋಡಿಕೊಂಡಿದ್ದು, ಭಾನುವಾರ ಗುಡ್ಡದಾಚೆಯ ಕ್ಲಬ್ಬಿಗೆ ಹೋಗಿ, ಬೋರಲು ಮಲಗಿ, ದೂರದ ಒಂದು ಕಾಗದಕ್ಕೆ ತೂತು ಮಾಡಿ ಬರುತ್ತಾರೆ. ಅದರಲ್ಲೇನು ಸುಖವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕುಡಿಯಲ್ಲ, ಇಸ್ಪೀಟಾಡಲ್ಲ, ನನ್ನ ಮಗಳ ಮೇಲೆ ಕೂಗಾಡಲ್ಲ. ಕಾಗದಕ್ಕೆ ತೂತು ಮಾಡಿಕೊಳ್ಳಲಿ ಬಿಡಿ.

ಹೊಡೆದ ಮೇಲೆ ಉಳಿಯುವ ಹಿತ್ತಾಳೆ ಕೊಳವೆಗಳನ್ನು ಅವರು ಬಿಸಾಡುವುದಿಲ್ಲ. ತೊಳೆದು, ಮತ್ತೆ ಸಿಡಿಮದ್ದು ತುಂಬಿ, ಮೇಲೆ ಗುಂಡು ಕೂರಿಸಿ ಹೊಸ ತೋಟಾ ಮಾಡುತ್ತಾರೆ. ಅದಕ್ಕೊಂದು ಕಬ್ಬಿಣದ ಪ್ರೆಸ್ಸಿದೆ. ನಮ್ಮ ಶಾವಿಗೆ ಒರಳಿನ ಹಾಗೆ ಹಿಡಿಯನ್ನು ಎಳೆದು ಕೆಳಕ್ಕೆ ಒತ್ತಬೇಕು. ಅಂಗಡಿಯ ತೋಟಾ ಒಂದೊಂದು ಒಂದೊಂದು ಥರ ಹೋಗುತ್ತದಂತೆ, ಕೈಯಲ್ಲಿ ಮಾಡಿದ್ದು ಹೇಳಿದ ಮಾತು ಕೇಳುತ್ತದಂತೆ. ಪೊಲೀಸರ ಲೈಸೆನ್ಸಿದೆ, ಕೋವಿಗೆ ಗೋಡೆಗೆ ಬಿಗಿದ ಉಕ್ಕಿನ ಬೀರು, ಮದ್ದಿಗೆ ಬೀಗದ ಮರದ ಪೆಟ್ಟಿಗೆ. ಎಲ್ಲ ಕಾನೂನು ಪ್ರಕಾರ.

ಈ ಪ್ರೆಸ್ಸಿನ ಮೇಜು ಇದ್ದದ್ದು ಮಹಡಿಯ ಚಿಕ್ಕ ರೂಮಿನಲ್ಲಿ. ನಾನು ಆರು ತಿಂಗಳ ವೀಸಾದಲ್ಲಿ ಬರುತ್ತೇನೆ ಎಂದಾಗ ಅದನ್ನು ಗೋಡೆಯಿಂದ ಬಿಚ್ಚಿಸಿ ನನಗೆ ಮಂಚ ಹಾಕಿಸಿದರು. ಈ ವಿಷಯ ನನಗೆ ಯಾರೂ ಹೇಳಲಿಲ್ಲ. ಬಂದ ದಿನವೇ ನಾನು ಕಿಟಕಿ ಪಕ್ಕದ ಶೆಲ್ಫಿನ ಮೇಲೆ ದೇವರ ಫೋಟೊ ಇಟ್ಟು, ದೀಪ ಹಚ್ಚಿ, ಊದುಬತ್ತಿ ಸಿಕ್ಕಿಸಿದೆ. ಅವತ್ತಿನಿಂದ ಬೆಳಿಗ್ಗೆ ಸಂಜೆ ದೀಪ ತಪ್ಪಿಸಲಿಲ್ಲ.

ನಮ್ಮಲ್ಲಿ ಅತ್ತೆ ಅಳಿಯ ನೇರವಾಗಿ ಮಾತಾಡುವುದು ಕಡಿಮೆ. ಊಟ ಆಯ್ತಾ, ಆಯ್ತು, ಅಷ್ಟೆ. ಮಿಕ್ಕಿದ್ದೆಲ್ಲ ಮಗಳ ಮೂಲಕ. ಒಂದೇ ಸೋಫಾದಲ್ಲಿ ಕೂತಿದ್ದರೂ ನಿಮ್ಮಮ್ಮನಿಗೆ ಚಳಿಯಾಗುತ್ತಾ ಕೇಳು ಅಂತ ಅವರು ಅವಳಿಗೆ ಹೇಳುತ್ತಾರೆ, ಇಲ್ಲ ಅಂತ ಹೇಳು ಅಂತ ನಾನೂ ಅವಳಿಗೇ ಹೇಳುತ್ತೇನೆ. ಮೊಮ್ಮಗಳು ನಮ್ಮನ್ನು ನೋಡಿ ಇಂಗ್ಲಿಷಿನಲ್ಲಿ ಏನೋ ಅಂದು ನಗುತ್ತಾಳೆ.

ಆ ಚಳಿಗಾಲ ಮುಗಿಯುವ ಹೊತ್ತಿಗೆ ಲೀಡ್ಸ್ ಕಡೆ ಒಂದು ದೊಡ್ಡ ಪಂದ್ಯವಿತ್ತು. ಅಳಿಯಂದಿರು ಬಹಳ ದಿನದಿಂದ ಅದಕ್ಕೆ ಕಾದಿದ್ದರು. ತೋಟಾ ಮಾಡಬೇಕು, ಮಾಡಲು ಜಾಗವಿಲ್ಲ. ಮಡಚಿ ಎತ್ತಿಡುವಂಥ ಬೆಂಚು ಮಾಡುತ್ತೇನೆ ಅಂತ ಹೊರಟರು. ಪ್ಲೈವುಡ್ಡು, ಬಿಜಾಗ್ರಿ, ಚಿಲಕ ಎಲ್ಲ ತಂದು ಶನಿವಾರ ಪೂರ್ತಿ ಹಿತ್ತಲಲ್ಲಿ ಕೊಯ್ದರು. ಅಂದವಾಗಿಯೇ ಬಂತು. ಕಾಲುಗಳನ್ನು ಒಳಗೆ ಮಡಚಿದರೆ ದೊಡ್ಡ ಸೂಟ್‌ಕೇಸಿನಷ್ಟು, ಎತ್ತಿಕೊಂಡು ಹೋಗಲು ಒಂದು ಹಿಡಿಕೆ ಬೇರೆ.

ಕೆಳಗಿನ ಹಾಲಿನಲ್ಲಿ ಬಿಡಿಸಿಟ್ಟು, ಪ್ರೆಸ್ಸು ಬಿಗಿದು, ಮದ್ದಿಲ್ಲದ ಖಾಲಿ ಕೊಳವೆ ಹಾಕಿ ಹಿಡಿ ಎಳೆದರು. ಬೆಂಚು ಹಿಂಗಾಲೆತ್ತಿ ಮುಗ್ಗರಿಸಿತು. ಕೊಳವೆಗಳೆಲ್ಲ ಸೋಫಾ ಕೆಳಗೆ. ಹೇಗೂ ಹಾಲಿನಲ್ಲಿ ಗ್ಯಾಸಿನ ಹೀಟರು ಉರಿಯುತ್ತದೆ, ಅಲ್ಲಿಗೆ ಮದ್ದು ತರುವಂತಿಲ್ಲ. ಅಡುಗೆಮನೆಯಲ್ಲಿ ಒಲೆ. ಕೊನೆಗೆ ಹಿತ್ತಲ ಶೆಡ್ಡಿಗೆ ಒಯ್ದು, ಕಾಲುಗಳನ್ನು ನೆಲದ ಹಲಗೆಗೆ ತಿರುಪು ಹಾಕಿ ನಿಲ್ಲಿಸಿದರು. ಬೆಂಚು ನಿಂತಿತು, ಆದರೆ ಸಂದಿಯಿಂದ ನುಗ್ಗುವ ಗಾಳಿಗೆ ಮದ್ದು ತೂಗುವ ತಕ್ಕಡಿ ನಿಲ್ಲಲಿಲ್ಲ. ಆ ಮದ್ದು ಒಂದು ಚಿಟಿಕೆಯೂ ಹೆಚ್ಚಾಗಬಾರದು, ಹೆಚ್ಚಾದರೆ ಕೋವಿ ಮುಖಕ್ಕೇ ಸಿಡಿಯುತ್ತದೆ. ಅಳಿಯಂದಿರು ಮೂಗು ಕೆಂಪಗೆ ಮಾಡಿಕೊಂಡು ಒಳಗೆ ಬಂದು ಟೀ ಕುಡಿದರು.

ಮಾರನೆಯ ದಿನ ತಟ್ಟೆ ಒರೆಸುತ್ತ ಮಗಳು ಹೇಳಿದಳು, ಇವರು ಪಂದ್ಯಕ್ಕೆ ಹೋಗಲ್ಲವಂತೆ, ಹೆಸರು ವಾಪಸ್ ತಗೋತಾರಂತೆ. ಯಾಕೆ ಎಂದೆ. ಜಾಗ ಇಲ್ಲವಲ್ಲ ಎಂದಳು. ಮೊದಲು ಎಲ್ಲಿ ಮಾಡುತ್ತಿದ್ದರು ಎಂದೆ. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು. ಆಮೇಲೆ, ನೀನಿರೋ ರೂಮಿನಲ್ಲೇ ಎಂದಳು.

ನನಗೆ ಮೈಯೆಲ್ಲ ಉರಿಯಿತು. ಅಳಿಯನ ಮನೆಗೆ ಬಂದು ಅವರ ದಾರಿಗೆ ಅಡ್ಡ ಕೂತವಳು ಅನ್ನಿಸಿಕೊಳ್ಳುವುದಕ್ಕಿಂತ ನಾಳೆಯ ವಿಮಾನಕ್ಕೇ ಊರಿಗೆ ಹೋಗುವುದು ವಾಸಿ. ಹಗಲು ಹೊತ್ತು ನಾನು ಆ ರೂಮಿನಲ್ಲಿ ಇರುವುದೇ ಇಲ್ಲ, ಕೆಳಗೆ ಟೀವಿ ಮುಂದೆ ಇರುತ್ತೇನೆ. ಮಡಚುವ ಬೆಂಚೇ ಆದರೆ ಅಲ್ಲೇ ಬಿಡಿಸಿ, ಕೆಲಸ ಮುಗಿಸಿ, ಮಡಚಿಟ್ಟು ಬರಬಹುದಲ್ಲ ಎಂದೆ.

"ಅಲ್ಲಿ ನಿನ್ನ ದೀಪ ಉರಿಯುತ್ತಲ್ಲಮ್ಮ. ಅತ್ತೆಯ ದೇವರನ್ನ ಎತ್ತಿ ಅಂತ ಯಾವ ಬಾಯಲ್ಲಿ ಹೇಳಲಿ ಅಂತಾರೆ" ಎಂದಳು.

ಇದಕ್ಕೆ ಮರ್ಯಾದೆ ಅಂತ ಹೆಸರು. ಈ ಮರ್ಯಾದೆಗೋಸ್ಕರ ಅವರು ಚಳಿ ಕೊರೆಯುವ ಶೆಡ್ಡಿನಲ್ಲಿ ಒದ್ದಾಡಿದ್ದಾರೆ.

ಕೈ ಒರೆಸಿಕೊಂಡು ಸೀದಾ ಹಾಲಿಗೆ ಹೋದೆ. ಅಳಿಯಂದಿರು ಎದ್ದು ನಿಂತರು. ಏನು ರಂಪವಾಗುತ್ತದೋ ಎಂದು ಮಗಳು ಹಿಂದೆಯೇ ಓಡಿ ಬಂದಳು.

"ನೀವು ನನ್ನನ್ನ ಯಾಕೆ ಕೇಳಲಿಲ್ಲ?" ಎಂದೆ.

ಅವರು ಮಗಳ ಮುಖ ನೋಡಿದರು.

"ಅವಳನ್ನ ನೋಡಬೇಡಿ. ನಾನು ಇಲ್ಲಿದೀನಿ."

"ಅದು ದೇವರ ಜಾಗ, ಅತ್ತೆ. ಮದ್ದು ಇರೋ ಕಡೆ ಬೆಂಕಿ ಇರಬಾರದು. ನೀವು ದೀಪ ಹಚ್ಚೋದನ್ನ ನಾನು ಹೇಗೆ ಬೇಡ ಅನ್ನಲಿ?"

"ದೇವರು ಅಡುಗೆಮನೆಗೆ ಇಳಿಯೋದಕ್ಕೂ ಪೊಲೀಸರ ಲೈಸೆನ್ಸ್ ಬೇಕಾ?"

ಮೊದಲು ನಕ್ಕವಳು ಮಗಳು. ಅಳಿಯಂದಿರು ನಗಬಹುದೋ ಬಾರದೋ ಎಂದು ಸ್ವಲ್ಪ ಹೊತ್ತು ನೋಡಿ, ಆಮೇಲೆ ನಕ್ಕರು.

ಆ ಮಧ್ಯಾಹ್ನವೇ ಫೋಟೊ, ದೀಪ, ಎಣ್ಣೆ ಬಾಟಲಿ ಎಲ್ಲ ಕೆಳಗೆ ಇಳಿಯಿತು. ಅಕ್ಕಿ ಡಬ್ಬದ ಮೇಲಿನ ಶೆಲ್ಫಿನಲ್ಲಿ ದೇವರು ಚೆನ್ನಾಗೇ ಕೂತ. ಬೆಂಚು ಮಾತ್ರ ನನ್ನ ರೂಮಿನ ಕಾರ್ಪೆಟ್ಟಿನ ಮೇಲೂ ಮುಗ್ಗರಿಸಿತು. ಅಳಿಯಂದಿರು ಯೋಚನೆ ಮಾಡಿ ಹಿಂಗಾಲಿಗೆ ಎರಡು ಕೊಕ್ಕೆ ಜೋಡಿಸಿ, ಮಂಚದ ಪಟ್ಟಿಗೆ ಸಿಕ್ಕಿಸಿದರು. ಹಿಡಿ ಎಳೆದರೆ ಈಗ ಮಂಚವೂ ಜೊತೆಗೆ ಎದ್ದಿತು. ಅವರು ನನ್ನ ಕಡೆ ನೋಡಿದರು, ಮತ್ತೆ ನೆಲ ನೋಡಿದರು.

"ಅತ್ತೆ, ನೀವು ಒಂದು ಸ್ವಲ್ಪ..."

"ತೂಕ ಬೇಕು ಅಂತ ಬಾಯಿಬಿಟ್ಟು ಹೇಳಿ. ಇದೆ."

ಹೋಗಿ ಮಂಚದ ಮೇಲೆ ಕೂತೆ. ಬೆಂಚು ಬಂಡೆಯ ಹಾಗೆ ನಿಂತಿತು.

ಆಮೇಲೆ ಪ್ರತಿ ಶನಿವಾರ ಇದೇ ಕೆಲಸ. ಮದ್ದು ತೂಗುವಾಗ ಮಾತಾಡಬೇಡಿ ಎಂದು ಅವರೇ, ನನಗೇ, ನೇರವಾಗಿ ಹೇಳಿದರು. ನಾನು ಬಾಯಿ ಮುಚ್ಚಿಕೊಂಡು ಬೆಳ್ಳುಳ್ಳಿ ಸುಲಿದೆ. ಕೆಲಸ ಮುಗಿದ ಮೇಲೆ ಮದ್ದು ಬೀಗದ ಪೆಟ್ಟಿಗೆಗೆ, ಬೆಂಚು ಬಾಗಿಲ ಹಿಂದಕ್ಕೆ, ರೂಮು ನನಗೆ.

ಪಂದ್ಯದ ದಿನ ನಾನು ಟೀವಿ ಹಾಕಿಕೊಂಡು ಕೂತೆ, ಏನು ನೋಡಿದೆನೋ ನೆನಪಿಲ್ಲ. ಆ ತೋಟಾ ಎಲ್ಲಾದರೂ ಕೆಟ್ಟಿದ್ದರೆ, ನನ್ನ ರೂಮಿನಲ್ಲಿ ಅವಸರ ಅವಸರವಾಗಿ ಮಾಡಿದ್ದಕ್ಕೇ ಅನ್ನುತ್ತಿದ್ದರು. ಬಾಯಲ್ಲಿ ಅನ್ನದಿದ್ದರೂ ಮನಸ್ಸಿನಲ್ಲಿ ಅನ್ನುತ್ತಿದ್ದರು. ಸಂಜೆ ರೊಟ್ಟಿ ತಟ್ಟುತ್ತಿದ್ದಾಗ ಕಾರು ನಿಂತ ಸದ್ದಾಯಿತು. ಅಳಿಯಂದಿರು ಬೂಟು ಕೂಡ ಬಿಚ್ಚದೆ ಅಡುಗೆಮನೆಗೆ ಬಂದರು.

"ಬಹುಮಾನ ಬರಲಿಲ್ಲ, ಅತ್ತೆ. ಆದರೆ ತೋಟಾ ಒಂದೂ ಮೋಸ ಮಾಡಲಿಲ್ಲ."

ನನಗೆ ಉಸಿರು ಬಂದಂತಾಯಿತು. ಬೂಟು ಬಿಚ್ಚಿ ಬನ್ನಿ ಎಂದೆ.

ಹಾಲಿನಿಂದ ಮಗಳು ಕೇಳಿದಳು, ಏನಾಯ್ತು, ನನಗೆ ಯಾರಾದರೂ ಹೇಳ್ತೀರಾ ಅಂತ.

"ನೀನು ಆರಾಮಾಗಿ ಕೂತ್ಕೋ. ನಿನ್ನ ಕೆಲಸ ಮುಗೀತು" ಎಂದು ಅಳಿಯಂದಿರ ತಟ್ಟೆಗೆ ಬಿಸಿ ರೊಟ್ಟಿ ಹಾಕಿದೆ.