ಬಿಡದ ಅಚ್ಚು

ಅಪ್ಪ ಬಳ್ಳಾರಿಯ ಮನೆಗಳಿಗೆ ಪಿಒಪಿ ಛಾವಣಿ ಮಾಡುತ್ತಿದ್ದರು. ಹೂಬಳ್ಳಿಯ ಅಂಚುಗಳನ್ನು ಅವರು ಅಚ್ಚಿನಲ್ಲಿ ಎರೆಯುವುದನ್ನು ನೋಡುತ್ತ ಬೆಳೆದವನು ನಾನು. ಕಲಾಶಾಲೆ ಮುಗಿಸಿದ ಮೇಲೆ ಕುರುಗೋಡಿನ ಬೆಟ್ಟದ ಕಲ್ಲು ತರಿಸಿ ಕೆಲವು ವರ್ಷ ಕೆತ್ತಿದೆ. ಕಲ್ಲು ನನಗೆ ಒಗ್ಗಲಿಲ್ಲ. ಅದನ್ನು ಒಡೆಯುವವರ ಕೈಗಳು ಮಾತ್ರ ಕಣ್ಣಲ್ಲಿ ಉಳಿದವು. ಅಪ್ಪನ ಬಿಳಿ ಪುಡಿಗೇ ಮರಳಿದೆ. ದುಡಿಯುವವರ ಕೈಯ ಅಚ್ಚು ತೆಗೆಯುವುದು, ಅಷ್ಟು ಹೊತ್ತೂ ವಿಡಿಯೊ ಮಾಡುವುದು, ಆಮೇಲೆ ಕೈಯನ್ನೂ ವಿಡಿಯೊವನ್ನೂ ಅಕ್ಕಪಕ್ಕ ಇಡುವುದು. ನನ್ನ ಕೆಲಸ ಇಷ್ಟೇ.

ಗದ್ದೆ ಕೆಲಸದ ಒಬ್ಬ ಹೆಂಗಸಿನ ಕೈಯಚ್ಚು ತೆಗೆದದ್ದು ಸಿರುಗುಪ್ಪ ದಾಟಿ ಹಚ್ಚೊಳ್ಳಿಯಲ್ಲಿ, ಭತ್ತದ ನಾಟಿ ಮುಗಿದ ವಾರ. ಮೊದಲು ಬಲಗೈಗೆ ಕೊಬ್ಬರಿ ಎಣ್ಣೆ ಹಚ್ಚಿದೆ. ಪ್ಲಾಸ್ಟರಿನದು ಕೆಳಗೊಂದು ಹೋಳು, ಮೇಲೊಂದು ಹೋಳು, ನಡುವೆ ಕೈ.

“ಯಪ್ಪಾ, ಗ್ವಾಡಿಗೆ ಬಳಿಯೋದು ನನ್ ಕೈಗೆ ಬಳ್ಯಾಕ ಹತ್ತೀರಲ್ಲ,” ಎಂದು ಅವರು ನಕ್ಕರು. “ಕೈ ನೀವ ಇಟ್ಕಂಡು ಹೋದ್ರ ರೊಟ್ಟಿ ಯಾರ್ ಬಡೀಬೇಕು? ಇರೋ ಒಬ್ಬ ಮಗಳು ಬಳ್ಳಾರ್ಯಾಗ ಜೀನ್ಸ್ ಹೊಲೀತಾಳ.”

“ಕೈ ಹೋದ್ರ ಹೋಗ್ಲಿ ಬಿಡಬೇ,” ಎಂದಳು ಪಕ್ಕದ ಮನೆಯಾಕೆ. “ಬಾಯಿ ಐತೆಲ್ಲ ನಿಂದು.”

ಉಳಿದವರ ಅಚ್ಚುಗಳಿಗೆಲ್ಲ ಒಂದೊಂದಾಗಿ ಪ್ಲಾಸ್ಟರ್ ಎರೆದೆ. ಅವರದು ಕಪಾಟಿನಲ್ಲಿ ಕೊನೆಗೆ ಉಳಿಯಿತು. ಅಷ್ಟರಲ್ಲಿ ಅವರು ಮೂರು ದಿನದ ಜ್ವರಕ್ಕೆ ತೀರಿಕೊಂಡರು. ಮಗಳು ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ಊರು ಮುಟ್ಟುವ ಹೊತ್ತಿಗೆ ಊರವರು ಮಣ್ಣು ಮಾಡಿ ಬಂದಿದ್ದರು.

ತಿಂಗಳ ನಂತರ ಆಕೆ ಬಳ್ಳಾರಿಯ ನನ್ನ ಶೆಡ್ಡಿಗೆ ಬಂದಳು.

“ಅವ್ವನ ಕೈ ನಿಮ್ಮಲ್ಲಿ ಐತಂತ. ಒಂದ್ಸಲ ಹಿಡೀಬೇಕ್ರಿ.”

ಅಚ್ಚು ಮಾತ್ರ ಇದೆ, ಕೈ ಇನ್ನೂ ಎರೆಯಬೇಕು, ಬಿಡಿಸುವಾಗ ಅಚ್ಚು ಒಡೆದುಹೋಗುವುದರಿಂದ ಎರಡನೆಯ ಸಲ ಅಂತಿಲ್ಲ ಎಂದು ಹೇಳಿದೆ. ವಿಡಿಯೊ ಮಾಡಲೇ ಎಂದು ಕೇಳಿದೆ. ಹೂಂ ಎಂದು ತಲೆಯಾಡಿಸಿದಳು. ತಾಯಿಯ ವಿಡಿಯೊ ತೋರಿಸಿದಾಗ ಎಣ್ಣೆ ಹಚ್ಚುವಲ್ಲಿ ತಡೆದು, “ಇದ್ಯಾಕ್ರಿ?” ಎಂದಳು.

“ಪ್ಲಾಸ್ಟರು ಕೈ ಬಿಡ್ಲಿ ಅಂತ. ಅಚ್ಚಿನ ಒಳಗೂ ಹಂಗ, ಸೋಪಿನ ನೀರು ಹಚ್ತೀವಿ,” ಎಂದು ಮೇಜಿನ ಮೇಲಿದ್ದ ಬಟ್ಟಲು ತೋರಿಸಿದೆ.

ಕ್ಯಾಮೆರಾ ಇಟ್ಟೆ. ಅಚ್ಚಿನ ಬಿಳಿ ತೀರಾ ಹೊಳೆಯುತ್ತಿತ್ತು; ಬೆಳಕನ್ನು ಎರಡು ಸಲ ಸರಿಪಡಿಸಿದೆ. ಎರಡು ಹೋಳು ಜೋಡಿಸಿ ಹಗ್ಗ ಬಿಗಿದೆ, ಪ್ಲಾಸ್ಟರ್ ಕಲಸಿದೆ, ಮಣಿಕಟ್ಟಿನ ತೂತಿನಿಂದ ಸುರಿದೆ. ಆಕೆ ಎರಡೂ ಅಂಗೈಗಳನ್ನು ಅಚ್ಚಿನ ಮೇಲಿಟ್ಟು ಕುಳಿತಳು.

ಸ್ವಲ್ಪ ಹೊತ್ತಿನ ಮೇಲೆ, “ಅಣ್ಣಾರ, ಬೆಚ್ಚಗಾಗಾಕ ಹತ್ತೈತಿ,” ಎಂದಳು.

ಪ್ಲಾಸ್ಟರ್ ಗಟ್ಟಿಯಾಗುವಾಗ ತಾನಾಗಿ ಬಿಸಿಯಾಗುತ್ತದೆ. ಚಿಕ್ಕಂದಿನಿಂದ ಬಲ್ಲ ಸಂಗತಿ. ಆದರೂ ನಾನು ಅದನ್ನು ಹೇಳಲಿಲ್ಲ. ಬಿಸಿ ಏರುತ್ತಲೇ ಹೋಯಿತು.

“ಜ್ವರ ಬಂದಂಗ ಐತಿ,” ಎಂದಳು, ಮೆಲ್ಲಗೆ.

ಅದು ಪೂರ್ತಿ ತಣ್ಣಗಾಗುವವರೆಗೂ ಆಕೆ ಕೈ ತೆಗೆಯಲಿಲ್ಲ.

ಹಗ್ಗ ಬಿಚ್ಚಿ ಉಳಿ ಇಟ್ಟು ತಟ್ಟಿದೆ. ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಅಚ್ಚು ಸುಲಿಯಬೇಕು. ಸುಲಿಯಲಿಲ್ಲ. ಇನ್ನೊಂದು ಕಡೆ ತಟ್ಟಿದೆ. ಮಣಿಕಟ್ಟಿನ ಬಾಯಿಯಲ್ಲಿ ಅಚ್ಚು ಎಲ್ಲಿ ಮುಗಿಯಿತು, ಕೈ ಎಲ್ಲಿ ಶುರುವಾಯಿತು ಎಂಬ ಗೆರೆಯೇ ಇರಲಿಲ್ಲ. ಆಗ ಬಟ್ಟಲು ಕಣ್ಣಿಗೆ ಬಿತ್ತು. ಸೋಪಿನ ನೀರು ಕೆನೆಗಟ್ಟಿತ್ತು. ಪಕ್ಕದಲ್ಲಿದ್ದ ಬ್ರಷ್ಷು ಒಣಗಿತ್ತು.

“ಅಚ್ಚು ಹಳೇದಾಗಿತ್ತು. ಹಿಡ್ಕಂಡ್ಬಿಟ್ಟೈತಿ,” ಎಂದೆ. ಅದು ಸುಳ್ಳು.

“ಕೈ ಒಳಗೈತಿ, ಹೌದಲ್ರಿ?”

“ಐತಿ.”

ಆ ಬಿಳಿ ಗಡ್ಡೆಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೋದಳು.

ನನ್ನನ್ನು ಪ್ರದರ್ಶನಕ್ಕೆಂದು ಊರೂರಿಗೆ ಕರೆಸಿದ್ದು ಆ ದಿನದ ವಿಡಿಯೊ. ನೋಡಿದವರೆಲ್ಲ ಆಕೆಯ ಮುಖದ ಬಗ್ಗೆ ಮಾತಾಡುತ್ತಾರೆ. ನಾನು ಎಡಮೂಲೆಯನ್ನು ನೋಡುತ್ತೇನೆ. ಅಲ್ಲಿ ಬಟ್ಟಲು ಮೊದಲಿಂದ ಕೊನೆಯವರೆಗೆ ಇದೆ. ಯಾರೂ ಅದನ್ನು ಮುಟ್ಟುವುದಿಲ್ಲ.

ಕಳೆದ ವರ್ಷ ಅದನ್ನು ಬಳ್ಳಾರಿಯಲ್ಲಿ ತೋರಿಸಿದಾಗ ಅಪ್ಪ ಬಂದಿದ್ದರು. ಕೊನೆಯವರೆಗೂ ನಿಂತೇ ನೋಡಿದರು.

“ಸಾಬೂನು ಹಚ್ಚಿಲ್ಲಲ್ಲಲೇ,” ಎಂದರು. “ಕ್ಯಾಮೆರಾದಾಗ ಎಲ್ಲಾ ನೋಡ್ಕಂಡಿ. ಅಚ್ಚಿನಾಗ ನೋಡ್ಲಿಲ್ಲ. ಆ ಹುಡುಗಿಗೆ ಹೇಳೀಯೇನು?”

ಹೇಳಿರಲಿಲ್ಲ. ಆ ವಾರವೇ ಹಚ್ಚೊಳ್ಳಿಗೆ ಹೋದೆ. ಜೀನ್ಸ್ ಕೆಲಸ ಬಿಟ್ಟು ಆಕೆ ತಾಯಿಯ ಮನೆಯಲ್ಲೇ ಇದ್ದಳು. ಗಡ್ಡೆ ಕಿಟಕಿಯ ಕಟ್ಟೆಯ ಮೇಲಿತ್ತು. ಅದರ ಎರಡೂ ಪಕ್ಕ ಅಂಗೈಯಗಲ ಕಪ್ಪಗೆ, ಜಿಡ್ಡುಜಿಡ್ಡಾಗಿತ್ತು. ದಿನಾ ಹಿಡಿದ ಗುರುತು.

ನಾನು ಮಾಡಿದ ತಪ್ಪನ್ನು, ಆಮೇಲೆ ಹೇಳಿದ ಸುಳ್ಳನ್ನು ಹೇಳಿದೆ. ಆಕೆ ಚಹಾ ಸೋಸಿ ಲೋಟ ಕೈಗಿಟ್ಟಳು.

“ಗೊತ್ತಿತ್ರಿ. ಬಟ್ಲಾ ನನ್ ಕಣ್ಮುಂದನ ಇತ್ತು.”

“ಮತ್ತ ಯಾಕ ಹೇಳ್ಲಿಲ್ಲ?”

“ಹಚ್ಚಿದ್ರ ಬಿಡ್ತಿತ್ತಲ್ರಿ.”

ಲೋಟ ಕೆಳಗಿಟ್ಟೆ. ಆಕೆ ಗಡ್ಡೆಯನ್ನು ತಂದು ನನ್ನ ಮುಂದಿಟ್ಟಳು. ಆ ಕಪ್ಪು ಗುರುತುಗಳ ಮೇಲೆಯೇ ಕೈ ಇಟ್ಟೆ. ತಣ್ಣಗಿತ್ತು. ಹಾಗೆಂದೆ.

“ಇನ್ನೊಂದೀಟು ಹೊತ್ತು ಹಿಡೀರಿ,” ಎಂದಳು.