ಎಣ್ಣೆಯ ಪಹರೆ

ಮನೆಗೆ ಬಣ್ಣ ಹಚ್ಚಲು ಬಂದವನು ಮೊನ್ನೆ ಕೈಗಂಟಿದ ಬಣ್ಣ ತೆಗೆಯಲೆಂದು ಒಂದು ಬಾಟಲಿಯ ಮುಚ್ಚಳ ಬಿಚ್ಚಿದ. ಅಡುಗೆಮನೆಯಲ್ಲಿದ್ದ ನನ್ನ ಮೂಗಿಗೆ ಸೀಮೆಎಣ್ಣೆಯ ವಾಸನೆ ಬಡಿಯಿತು. ಆ ವಾಸನೆ ಕಂಡು ಎಷ್ಟು ವರ್ಷವಾಗಿತ್ತೋ! ಹೊಸ್ತಿಲಲ್ಲೇ ನಿಂತುಬಿಟ್ಟೆ. ಆತ ಗಾಬರಿಯಾಗಿ, 'ನೆಲಕ್ಕ ಚೆಲ್ಲಿಲ್ರೀ ಅಮ್ಮಾರ' ಅಂದ. ಚೆಲ್ಲಿದ್ದರೂ ಅವತ್ತು ನಾನು ಬಯ್ಯುತ್ತಿರಲಿಲ್ಲ. ಕಣ್ಣ ಮುಂದೆ ಮಾನ್ವಿಯ ಎಣ್ಣೆ ಅಂಗಡಿಯ ಖಾಲಾ ಬಂದು ನಿಂತಿದ್ದಳು...

ಎಂಬತ್ತರ ದಶಕದಲ್ಲಿ ದೇವದುರ್ಗದಿಂದ ಮದುವೆಯಾಗಿ ಮಾನ್ವಿಗೆ ಹೋದವಳು ನಾನು. ಯಜಮಾನರಿಗೆ ತಾಲ್ಲೂಕು ಕಚೇರಿಯಲ್ಲಿ ಕೆಲಸ. ನಮ್ಮ ಮನೆಯ ಗೋಡೆಗೆ ಗೋಡೆ ಹತ್ತಿಕೊಂಡೇ ಖಾಲಾಳ ಮನೆ, ಮುಂದೆ ಅಂಗಡಿ. ಓಣಿಗೆಲ್ಲ ಅವಳು ಖಾಲಾ, ಅಂದರೆ ಚಿಕ್ಕಮ್ಮ. ಗಂಡ ತೀರಿಕೊಂಡ ಮೇಲೆ ಸೀಮೆಎಣ್ಣೆಯ ವ್ಯಾಪಾರವನ್ನು ಅವಳೇ ನಡೆಸುತ್ತಿದ್ದಳು. ಬಾಯಿ ಅಂದರೆ ಬಾಯಿ. ಹೊಲಸು ಡಬ್ಬಿ ತಂದವರನ್ನು ಬಾಗಿಲಿನಿಂದಲೇ ವಾಪಸು ಅಟ್ಟುತ್ತಿದ್ದಳು. ಮೊದಮೊದಲು ನನಗೆ ಅವಳೆಂದರೆ ಎದೆ ಢವಗುಟ್ಟುತ್ತಿತ್ತು. ಆಮೇಲೆ ಅವಳ ಮನೆಯ ಈದಿನ ಶಾವಿಗೆ ಖುರ್ಮಾ, ನಮ್ಮ ಮನೆಯ ಹೋಳಿಗೆ ಗೋಡೆಯ ಮೇಲಿಂದಲೇ ಓಡಾಡತೊಡಗಿದವು.

ಎಣ್ಣೆಯ ಲಾರಿ ಬರುವ ದಿನ ಓಣಿಯ ತುಂಬ ಡಬ್ಬಿಗಳ ಸಾಲು. ತಳ್ಳಾಟ, ಜಗಳ. ಅದಕ್ಕೆಂದೇ ಠಾಣೆಯಿಂದ ಒಬ್ಬ ಪೊಲೀಸನನ್ನು ಕಳಿಸುತ್ತಿದ್ದರು. ಖಾಲಾ ಅವನಿಗೆ ಕುರ್ಚಿ ಹಾಕಿಸಿ, ಕೆನೆಹಾಲಿನ ಚಹಾ ಮಾಡಿಸಿ ಕೊಡುತ್ತಿದ್ದಳು. ಪೊಲೀಸ ಬಂದು ನಿಂತ ಕಡೆ ಯಾರಿಗೂ ಏನೂ ಆಗುವುದಿಲ್ಲ ಅಂತ ಅವಳ ಗಟ್ಟಿ ನಂಬಿಕೆ.

ಖಾಲಾ ಮಗಳನ್ನು ರಾಯಚೂರಿಗೆ ಮದುವೆ ಮಾಡಿ ಕೊಟ್ಟಿದ್ದಳು. ಒಬ್ಬನೇ ಮಗ ಕೊಲ್ಲಿ ದೇಶಕ್ಕೆ ಹೋಗಿದ್ದ. ದೊಡ್ಡ ಎಣ್ಣೆ ಹಡಗುಗಳಿಗೆ ಕುಡಿಯುವ ನೀರು, ಕಾಯಿಪಲ್ಲೆ ಒಯ್ದು ಕೊಡುವ ಸಣ್ಣ ದೋಣಿಯ ಮೇಲೆ ಕೆಲಸ. ಆಗ ಅಲ್ಲಿಂದ ಫೋನು ಮಾಡುವುದೆಲ್ಲಿ ಬಂತು? ಕ್ಯಾಸೆಟ್ ಕಳಿಸುತ್ತಿದ್ದರು. ರಜೆಗೆ ಬರುವ ಯಾರ ಕೈಯಲ್ಲಾದರೂ ಅವನ ದನಿ ತುಂಬಿದ ಟೇಪು ಬರುತ್ತಿತ್ತು. ಓಣಿಯ ಹೆಂಗಸರೆಲ್ಲ ಸೇರಿ ಕೇಳುತ್ತಿದ್ದೆವು. ಅವನು ಒಬ್ಬೊಬ್ಬರ ಹೆಸರು ಹಿಡಿದು ಸಲಾಮು ಹೇಳಿದಾಗ ನಾವು ಬೀಗುವುದನ್ನು ನೋಡಬೇಕಿತ್ತು! ಆಮೇಲೆ ಅದೇ ಟೇಪಿನ ಮೇಲೆ ಖಾಲಾ ತನ್ನ ಮಾತು ತುಂಬಿ ಕಳಿಸುತ್ತಿದ್ದಳು.

ಇರಾನ್ ಇರಾಕ್ ಯುದ್ಧ ಮುಗಿಯುವ ಲಕ್ಷಣವೇ ಇರಲಿಲ್ಲ. ನೆಲದ ಮೇಲಿನ ಬಡಿದಾಟ ಸಾಲದೆ, ಒಬ್ಬರ ಎಣ್ಣೆ ಹಡಗನ್ನು ಇನ್ನೊಬ್ಬರು ಹೊಡೆಯತೊಡಗಿದ್ದರು. ಆ ಸಲದ ಕ್ಯಾಸೆಟ್ಟಿನಲ್ಲಿ ಹುಡುಗ ನಗಲಿಲ್ಲ. ನೀರಿನಲ್ಲಿ ಬಾಂಬು ತೇಲಿಬಿಟ್ಟಿದ್ದಾರೆ, ಕಣ್ಣಿಗೆ ಕಾಣುವುದಿಲ್ಲ, ರಾತ್ರಿ ನಿದ್ದೆ ಬರುವುದಿಲ್ಲ, ನೀನು ಹೂಂ ಅಂದರೆ ಮುಂದಿನ ಹಡಗಿಗೆ ಬಂದುಬಿಡುತ್ತೇನೆ ಅಂತ ಹೇಳಿದ್ದ. ಅವನ ದನಿಯ ಹಿಂದೆ ಎಂಜಿನ್ನಿನ ಗುರುಗುರು ಸದ್ದು ಕೇಳಿಸುತ್ತಲೇ ಇತ್ತು.

ಅದೇ ಹೊತ್ತಿಗೆ ರೇಡಿಯೋದಲ್ಲಿ ಸುದ್ದಿ ಬಂತು. ಕುವೈತಿನ ಎಣ್ಣೆ ಹಡಗುಗಳ ಮೇಲೆ ಅಮೆರಿಕ ತನ್ನ ಬಾವುಟ ಏರಿಸಿದೆ, ಅವುಗಳ ಹಿಂದೆ ಮುಂದೆ ತನ್ನ ಯುದ್ಧನೌಕೆಗಳನ್ನು ಕಾವಲಿಗೆ ನಿಲ್ಲಿಸಿದೆ ಅಂತ. ಖಾಲಾಳ ಮುಖ ಅರಳಿತು. ನಮ್ಮ ಯಜಮಾನರು ಅವತ್ತು ಸಂಜೆ ಅಂಗಡಿ ಕಟ್ಟೆಯ ಮೇಲೆ ಕೂತು ನಿಧಾನವಾಗಿ ಹೇಳಿ ನೋಡಿದರು.

'ಖಾಲಾ, ಅವರು ಬಂದಿದ್ದು ಎಣ್ಣಿಗೋಸ್ಕರ. ನಿಮ್ಮ ಹುಡುಗನ ಸಲುವಾಗಿ ಅಲ್ರಿ. ಅವನ್ನ ಕರಸ್ಕೋರಿ.'

'ನನ್ನ ಮಗ ಎಣ್ಣಿ ಹಡಗದ ಬಾಜೂಕನ ಇರ್ತಾನಲ್ರೀ ಸಾಹೇಬ್ರ' ಅಂದಳು ಖಾಲಾ. 'ಎಣ್ಣಿ ಕಾಯೋರು ಬಾಜೂಕ ಇದ್ದವನ್ನ ಬಿಡ್ತಾರೇನು?'

ಎಣ್ಣೆಯ ನಡುವೆಯೇ ಬದುಕು ಕಳೆದವಳ ಲೆಕ್ಕ ಅದು. ಯಾರ ಮಾತಿಗೂ ಜಗ್ಗಲಿಲ್ಲ. ಮಗ ಕೆಲಸ ನಡುವೆ ಬಿಟ್ಟು ಬಂದರೆ ದೋಣಿಯ ಮಾಲೀಕ ಮತ್ತೆ ಕರೆಯುವುದಿಲ್ಲ ಎಂಬ ಯೋಚನೆಯೂ ಇತ್ತು. ಮರುದಿನ ಟೇಪಿನ ಗುಂಡಿ ಒತ್ತಿ, ಮಗ ಎದುರಿಗೇ ಕೂತಂತೆ ಮಾತಾಡಿದಳು. ದುನಿಯಾದ ದೊಡ್ಡ ಸರ್ಕಾರವೇ ಪಹರೆಗೆ ಬಂದಿದೆ, ಹೆದರಬೇಡ, ಅಲ್ಲೇ ಇರು ಅಂದಳು. ನಾನು ಅಲ್ಲೇ ಬಾಗಿಲ ಹತ್ತಿರ ಕೂತು ಹೆಸರುಬೇಳೆ ಆರಿಸುತ್ತಿದ್ದೆ.

ಆಮೇಲೆ ಕ್ಯಾಸೆಟ್ ಬರಲಿಲ್ಲ. ದಿನಾ ಸಂಜೆ ರೇಡಿಯೋ ಹಚ್ಚುತ್ತಿದ್ದಳು. ಇಂಥ ಹಡಗು ಸುರಕ್ಷಿತವಾಗಿ ದಾಟಿತು, ಎಣ್ಣೆಯ ಬೆಲೆ ಇಷ್ಟು ಏರಿತು, ಇಷ್ಟು ಇಳಿಯಿತು... ಹಡಗು ದಾಟಿತೆಂದು ಕೇಳಿದ ದಿನ ಓಣಿಯ ಮಕ್ಕಳಿಗೆಲ್ಲ ಸಕ್ಕರೆ ಹಂಚುತ್ತಿದ್ದಳು. ನೀರು ಒಯ್ಯುವ ದೋಣಿಗಳ ಸುದ್ದಿಯನ್ನು ರೇಡಿಯೋ ಒಂದು ದಿನವೂ ಹೇಳಲಿಲ್ಲ. ನಾನಂತೂ ಗೋಡೆಯಾಚೆ ಅವಳ ಕೆಮ್ಮು ಕೇಳಿಸಿದರೂ ಬೆಚ್ಚುತ್ತಿದ್ದೆ.

ಕೊನೆಗೆ ಒಂದು ಮಧ್ಯಾಹ್ನ ರಾಯಚೂರಿನ ಹುಡುಗನೊಬ್ಬ ಬಸ್ಸಿಳಿದು ಅಂಗಡಿ ಹುಡುಕಿಕೊಂಡು ಬಂದ. ಅಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದವನಂತೆ. ಕೈಯಲ್ಲಿ ಖಾಲಾಳ ಮಗನ ಚೀಲ. ಹೊಸ್ತಿಲಲ್ಲೇ ಅವನಿಗೆ ಅಳು ಬಂತು. ದೋಣಿ ಬಾಂಬಿಗೆ ತಾಗಿ ಒಡೆದುಹೋಯಿತು, ಹೆಣವೂ ಸಿಗಲಿಲ್ಲ, ಎಣ್ಣೆ ಹಡಗು, ಅದರ ಕಾವಲಿನ ನೌಕೆಗಳು ಸ್ವಲ್ಪ ದೂರದಲ್ಲೇ ಇದ್ದರೂ ನಿಲ್ಲದೆ ಹೋದವು ಅಂತ ತಡೆತಡೆದು ಹೇಳಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪಾಪ, ಅವನಿಗೇನು ತಿಳಿಯಬೇಕು.

'ಅವ ಹೊಂಟು ನಿಂತಿದ್ದ ಖಾಲಾ. ನಿಮ್ಮ ಕ್ಯಾಸೆಟ್ ಬಂತು, ಉಳಕೊಂಡ.'

ಖಾಲಾ ಅಳಲಿಲ್ಲ. ಅವನಿಗೆ ನೀರು ಕೊಡು ಅಂತ ನನಗೆ ಹೇಳಿದಳು.

ಮುಂದಿನ ಸಲ ಎಣ್ಣೆಯ ಲಾರಿ ಬಂದಾಗ ಕುರ್ಚಿ ಹೊರಗೆ ಬರಲಿಲ್ಲ, ಚಹಾ ಇಲ್ಲ. ಪೊಲೀಸ ಲಾರಿಗೆ ಬೆನ್ನು ಕೊಟ್ಟು, ಸಾಲಿನ ಕಡೆ ಮುಖ ಮಾಡಿ, ಲಾಠಿ ಹಿಡಿದು ನಿಂತಿದ್ದ. ಖಾಲಾ ಬಹಳ ಹೊತ್ತು ಅವನನ್ನೇ ನೋಡಿ ನನ್ನ ಕಡೆ ತಿರುಗಿದಳು.

'ಅವನ ಮಾರಿ ನಮ್ಮ ಕಡೀಗೆ ಅದ ನೋಡ ಮಗಳ. ಇಷ್ಟು ವರ್ಷ ನಾ ನೋಡೇ ಇಲ್ಲ.'

ವ್ಯಾಪಾರ ಬಿಟ್ಟು ರಾಯಚೂರಿನ ಮಗಳ ಮನೆಗೆ ಹೋದಳು. ನಮಗೂ ಅಲ್ಲಿಗೇ ವರ್ಗವಾಯಿತು. ನಡುನಡುವೆ ನೋಡಲು ಹೋಗುತ್ತಿದ್ದೆ. ಬರಬರುತ್ತ ಅವಳಿಗೆ ಮರೆವು ಕವಿಯಿತು. ಗಂಡ ಸತ್ತದ್ದು ಮರೆತಳು, ಅಂಗಡಿ ಮರೆತಳು, ಸ್ವಂತ ಮಗಳನ್ನೇ ಯಾರೆಂದು ಕೇಳುತ್ತಿದ್ದಳು. ನನ್ನ ಕೈ ಮಾತ್ರ ಬಿಡುತ್ತಿರಲಿಲ್ಲ.

ಮೊನ್ನೆ ಬಣ್ಣದವನು ಹೋದ ಮೇಲೆ ಟಿವಿ ಹಚ್ಚಿದೆ. ಅದೇ ಸಮುದ್ರ, ಬೇರೆ ಹಡಗುಗಳು. ಕೋಟು ತೊಟ್ಟವನೊಬ್ಬ ನಕ್ಷೆಯ ಮೇಲೆ ಬೆರಳಾಡಿಸುತ್ತ, ಯುದ್ಧನೌಕೆಗಳು ಬಂದಿರುವುದರಿಂದ ಎಣ್ಣೆಯ ದಾರಿಗೆ ಇನ್ನು ಆತಂಕವಿಲ್ಲ ಅನ್ನುತ್ತಿದ್ದ. ನಿನ್ನ ಬಾಯಿಗೆ ಮಣ್ಣು ಬೀಳಲಿ ಅಂತ ಬಯ್ದು ಬಂದ್ ಮಾಡಿದೆ. ಒಬ್ಬಳೇ ಕೂತು ಅತ್ತೆ.

ನಾನು ಕೊನೆಯ ಸಲ ನೋಡಲು ಹೋದಾಗ ಖಾಲಾ ಹಾಸಿಗೆ ಹಿಡಿದಿದ್ದಳು. ನನ್ನನ್ನು ಹತ್ತಿರ ಎಳೆದುಕೊಂಡು ಮೆಲ್ಲಗೆ, ಬಹಳ ಸಮಾಧಾನದಿಂದ ಹೇಳಿದಳು.

'ಕ್ಯಾಸೆಟ್ನಾಗ ಬಾ ಅಂತ ಹೇಳೀನಿ. ಎಲ್ಲಾ ಬಿಟ್ಟು ಬಾ ಅಂದೀನಿ. ಬರಾಕತ್ತಾನ.'

'ಹೂಂ ಖಾಲಾ, ಬರಾಕತ್ತಾನ' ಅಂದೆ. ಈಗ ಆ ಸುಳ್ಳು ಹೇಳೋಣವೆಂದರೂ ಅವಳಿಲ್ಲ.