ಅಪ್ಪ ನೋಡಿದ ಹಲ್ಲು

ನಮ್ಮಪ್ಪ ದನದ ದಲ್ಲಾಳಿ. ಬಾಗೂರಿನ ಸುತ್ತಮುತ್ತ ಯಾರು ಎತ್ತು ಕೊಳ್ಳಬೇಕಾದರೂ ಅಪ್ಪ ಬಂದು ಅದರ ತುಟಿ ಎತ್ತಿ ಹಲ್ಲು ನೋಡಬೇಕು, ವಯಸ್ಸು ಹೇಳಬೇಕು. ಈಗ ಎದೆಯುಬ್ಬಿಸಿ ಹೇಳುತ್ತೇನೆ. ಐವತ್ತರ ದಶಕದ ಕೊನೆಯಲ್ಲಿ, ಎಸ್ಸೆಸ್ಸೆಲ್ಸಿ ಪಾಸಾದ ಕೊಬ್ಬಿನಲ್ಲಿ, ಯಾರಾದರೂ ಅಪ್ಪನ ಕೆಲಸ ಕೇಳಿದರೆ "ವ್ಯವಸಾಯ" ಎನ್ನುತ್ತಿದ್ದೆ. ದಲ್ಲಾಳಿ ಎಂದರೆ ಸುಳ್ಳುಬುರುಕ ಎಂದು ನಗುವವರೇ ಹೆಚ್ಚು.

ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಕಣ್ಣು, ಕಿವಿ ಸರಿಯಾಗಿವೆಯೆಂದು ಹಾಸನದ ಡಾಕ್ಟರು ಬರೆದುಕೊಡಬೇಕು. ಸರಿಯಾಗಿ ಆಗಲೇ ನನ್ನ ಬಲಗಿವಿ ನೋಯಲು ಹಿಡಿಯಿತು, ಒಳಗೆ ಸೂಜಿ ಹಾಕಿ ತಿರುವಿದ ಹಾಗೆ. ಅವ್ವ ಬೆಳ್ಳುಳ್ಳಿ ಎಣ್ಣೆ ಬಿಟ್ಟಳು, ಅತ್ತೆ ತುಂಬೆ ರಸ ಹಿಂಡಿದಳು, ಪಕ್ಕದ ಮನೆಯವರು ಉಪ್ಪಿನ ಗಂಟಿನ ಶಾಖ ಕೊಟ್ಟರು. ಕಿವಿ ಮಂದವಾಯಿತೇ ಹೊರತು ನೋವು ಜಗ್ಗಲಿಲ್ಲ. ಕೆಪ್ಪಿಯಾಗುತ್ತೇನೆ, ಸೀಟು ಹೋಗುತ್ತದೆ ಎಂದು ಒಳಗೊಳಗೇ ಕುಸಿದೆ.

ಹಲ್ಲಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಬರುವುದಾದರೂ ಹೇಗೆ? ಎರಡು ಹೊತ್ತೂ ಮುದ್ದೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಒಂದು ಸಂಜೆ ಜಗಲಿಯಲ್ಲಿ ಕೂತು ಹುರಿದ ಅವರೆಕಾಳು ತಿನ್ನುವಾಗ ಅಪ್ಪ ನನ್ನ ದವಡೆಯನ್ನೇ ನೋಡುತ್ತಿದ್ದ.

"ಬರೀ ಎಡಗಡೇಲೇ ಅಗೀತಿದ್ದೀಯ. ಒಂದೇ ದವಡೇಲಿ ಮೆಲುಕಾಕೋ ದನಕ್ಕೆ ಹಲ್ಲು ನೋಡ್ಬೇಕು ಕಣವ್ವ. ಎಲ್ಲಿ, ಬಾಯಿ ತಗಿ."

"ನಾನೇನು ನಿನ್ನ ಎತ್ತಾ?" ಎಂದು ಸಿಡುಕಿ ಎದ್ದುಹೋದೆ.

ಹಾಸನದ ಬಸ್ಸಿನಲ್ಲಿ ಅವನಿಗೆ ತಾಕೀತು ಬೇರೆ ಮಾಡಿದೆ: "ಡಾಕ್ಟ್ರು ಕೇಳಿದ್ರೆ ವ್ಯವಸಾಯ ಅನ್ನಪ್ಪ." ಅಪ್ಪ ಕಿಟಕಿಯಾಚೆ ನೋಡುತ್ತಾ, "ಆಗ್ಲಿ ಕಣವ್ವ" ಎಂದ.

ಡಾಕ್ಟರು ಎಣ್ಣೆ ಒರೆಸಿ, ಬೆಳಕು ಬಿಟ್ಟು ನೋಡಿದರು. "ಕಿವೀಲಿ ಏನೂ ಇಲ್ಲವಲ್ಲ" ಎಂದರು. ಬಾಗಿಲಲ್ಲಿ ನಿಂತಿದ್ದ ಅಪ್ಪ ಟವೆಲ್ಲನ್ನು ಕಂಕುಳಲ್ಲಿ ಒತ್ತಿಕೊಂಡು, "ತಪ್ಪು ತಿಳೀಬ್ಯಾಡಿ ಸಾ. ಬಲಗಡೆ ದವಡೆ ಒಂದ್ಸಲ ನೋಡಿ" ಎಂದ. ಡಾಕ್ಟರು ಒಂದೊಂದೇ ಹಲ್ಲು ತಟ್ಟುತ್ತಾ ಹಿಂದಕ್ಕೆ ಹೋದರು. ಕಡೇ ಹಲ್ಲು ಮುಟ್ಟಿದ್ದೇ ತಡ, ಕಿವಿಯೊಳಗೆ ಸಿಡಿಲು ಹೊಡೆಯಿತು. ಹುಳುಕು ಬೇರಿಗಿಳಿದಿತ್ತು. ಹಲ್ಲಿನ ನೋವು ಕಿವಿಯಲ್ಲಿ ಕಾಣಿಸುವುದುಂಟು ಎಂದು ಹೇಳಿ, ಡಾಕ್ಟರು ಅಪ್ಪನ ಕಡೆ ತಿರುಗಿದರು.

"ನಿಮಗೆ ಹೇಗೆ ಗೊತ್ತಾಯ್ತು?"

ಅಪ್ಪ ನನ್ನ ಮುಖ ನೋಡಿದ. "ಇಂಗೇ ಸಾ, ಅಂದಾಜು" ಎಂದ. ನನ್ನ ಮಾನ ಕಾಯಲು ತನ್ನ ವಿದ್ಯೆಯನ್ನೇ ನುಂಗಿಕೊಂಡ. ಅವತ್ತೇ ಹಲ್ಲು ಕಿತ್ತರು. ಆ ನೋವಿಗಿಂತ ಅಪ್ಪನ ಮಾತೇ ಹೆಚ್ಚು ಚುಚ್ಚಿತು.

ಹದಿನೈದು ದಿನ ಬಿಟ್ಟು ಕಿವಿಯ ಪರೀಕ್ಷೆ. ಎಡಗಿವಿ ಮುಚ್ಚಿಕೊಂಡು ನಾನು ಗೋಡೆಗೆ ಮುಖ ಮಾಡಿ ನಿಲ್ಲಬೇಕು, ಡಾಕ್ಟರು ಹಿಂದೆ ದೂರದಿಂದ ಪಿಸುದನಿಯಲ್ಲಿ ಕೇಳಿದ್ದಕ್ಕೆ ಉತ್ತರ ಹೇಳಬೇಕು. ಊರು ಕೇಳಿದರು, ಹೇಳಿದೆ. ಆಮೇಲೆ, "ತಂದೆ ಏನು ಕೆಲಸ ಮಾಡ್ತಾರೆ?"

ಅಪ್ಪ ಹೊರಗೆ ಬೆಂಚಿನ ಮೇಲಿದ್ದ. ಮುಂದೆ ಮೂವತ್ತು ವರ್ಷ ಕ್ಲಾಸಿನ ಕಡೇ ಸಾಲಿಗೂ ಕೇಳಿಸಿದ ನನ್ನ ಗಂಟಲು ಮೊದಲು ತೆರೆದದ್ದು ಅವತ್ತೇ.

"ದನದ ದಲ್ಲಾಳಿ ಸಾ. ಹಲ್ಲು ನೋಡೋದ್ರಲ್ಲಿ ಬಾಗೂರು ಸೀಮೇಲೇ ನಮ್ಮಪ್ಪನ್ನ ಮೀರಿಸೋರಿಲ್ಲ. ನನ್ ಹಲ್ಲು ಕಂಡಿಡ್ದಿದ್ದೂ ಅವರೇ."

ಹೊರಗೆ ಅಪ್ಪ ಕೆಮ್ಮಿದ್ದು ಕೇಳಿಸಿತು. ಬಲಗಿವಿಗೇ ಕೇಳಿಸಿತು.